ಸುಶೀಲೆ ಮಾತಾಡಿದ ಮಧ್ಯಾಹ್ನ

ತಾಯಿತ ಕಟ್ಟಿದರೆ ಮೂಕರಿಗೆ ಮಾತು ಬರುತ್ತದೆ ಎಂಬುದನ್ನು ನಾನು ನಂಬಿದವಳಲ್ಲ. ಗೊಂಬೆಯಾಟ ಆಡಿಸಿದರೆ ಬರುತ್ತದೆ ಎಂದು ಡಾಕ್ಟರು ಹೇಳಿದಾಗ ಅದನ್ನೂ ನಂಬಲಿಲ್ಲ. ಆಗಿನ್ನೂ ನಾನು ಜಮಖಂಡಿಯ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದ ಮಾಸ್ತರಿಣಿ. ಕಣ್ಣಿಗೆ ಕಂಡದ್ದರ ಆಚೆಗೆ ಏನೂ ಇಲ್ಲವೆಂಬ ಹಮ್ಮು. ಇಂದು ಆ ಹಮ್ಮಿಲ್ಲ. ಹಾಗೆಂದು ಅದರ ಜಾಗದಲ್ಲಿ ಬೇರೊಂದು ನಂಬಿಕೆ ಬಂದು ಕೂತಿದೆ ಎಂದೂ ಅಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯದವರಾಗಿದ್ದ ಹೊಸತು. ನಾನು ಬಾಡಿಗೆಗಿದ್ದದ್ದು ಅಂಬಕ್ಕಜ್ಜಿಯ ಮನೆಯಲ್ಲಿ. ಅವರ ಒಬ್ಬಳೇ ಮಗಳು ಗೋದಾವರಿ ಗಂಡನ ನೌಕರಿಗಾಗಿ ರಂಗೂನಿಗೆ ಹೋಗಿದ್ದಳು. ಯುದ್ಧದಲ್ಲಿ ಅಲ್ಲಿ ಬಾಂಬು ಬಿದ್ದು ಗಂಡ ಸತ್ತ. ಗೋದಾವರಿ ಮಗಳ ಕೈಹಿಡಿದು, ಊರು ಬಿಟ್ಟು ಹೊರಟ ಜನರೊಂದಿಗೆ ಕಾಡು, ಗುಡ್ಡ ದಾಟುತ್ತ ನಡೆದಳು. ದಾರಿಯಲ್ಲಿ ಜ್ವರ ಬಂದು ಮರದ ಕೆಳಗೆ ಕೂತವಳು ಮತ್ತೆ ಏಳಲಿಲ್ಲ. ಆರು ವರ್ಷದ ಸುಶೀಲೆಯನ್ನು ಜೊತೆಯವರು ಎಳೆದುಕೊಂಡು ಬಂದರು. ಕಲಕತ್ತೆಯ ಅನಾಥಾಶ್ರಮದಲ್ಲಿ ಅವಳ ಸುಳಿವು ಸಿಕ್ಕಿ, ಅಜ್ಜಿಯ ಮನೆ ಸೇರುವಷ್ಟರಲ್ಲಿ ಅವಳಿಗೆ ಹನ್ನೆರಡಾಗಿತ್ತು. ಆ ಮರದ ಕೆಳಗಿನಿಂದ ಬಂದ ಮೇಲೆ ಅವಳು ಒಂದು ಮಾತೂ ಆಡಿರಲಿಲ್ಲ. ಅತ್ತದ್ದನ್ನೂ ಯಾರೂ ಕಂಡಿರಲಿಲ್ಲ.

ದಂಡಿನ ಆಸ್ಪತ್ರೆಯಲ್ಲಿ, ಯುದ್ಧದ ಭಯಕ್ಕೆ ಮಾತು ಕಳೆದುಕೊಂಡ ಸಿಪಾಯಿಗಳನ್ನು ನೋಡಿದ್ದ ಡಾಕ್ಟರೊಬ್ಬರು ನಮ್ಮೂರಿಗೆ ಬಂದು ನೆಲೆಸಿದ್ದರು. ಅವರು ಹಿಟ್ಟು ನಾದುವ ದೊಡ್ಡ ಪರಾತದಲ್ಲಿ ಹೊಳೆಯ ಮರಳು ತುಂಬಿಸಿದರು. ರಬಕವಿ ಸೀರೆಯ ತುಂಡುಗಳಿಂದ ನನ್ನ ಕೈಲಿ ಗೊಂಬೆ ಮಾಡಿಸಿ ಸುಶೀಲೆಯ ಮುಂದಿಟ್ಟರು.

"ಇದ್ಯಾವ ಔಷಧಾರೀ ಡಾಕ್ಟರ?" ಎಂದು ಅಜ್ಜಿ ಕೇಳಿದರು.

"ಯುದ್ಧ ಈಕಿ ಹೊಟ್ಟ್ಯಾಗ ಇನ್ನೂ ನಡದದರೀ. ಬಾಯಿಂದ ಬರವಲ್ದು, ಕೈಯಿಂದರ ಬರ್ಲಿ. ನೀವು ಏನೂ ಕೇಳಬ್ಯಾಡ್ರಿ, ತಿದ್ದಬ್ಯಾಡ್ರಿ."

ಸುಶೀಲೆ ಆಡಿದಳು, ದಿನವೂ ಅದೇ ಆಟ. ಗೊಂಬೆಗಳ ಸಾಲು ಮರಳಿನ ಗುಡ್ಡ ಏರುವುದು. ದೊಡ್ಡ ಗೊಂಬೆಯೊಂದನ್ನು ನಡುದಾರಿಯಲ್ಲಿ ಕೂರಿಸಿ ಬೇವಿನೆಲೆ ಹೊದಿಸುವುದು. ಸಣ್ಣದನ್ನು ಮುಂದೆ ಕಳಿಸಲು ಕೈಯೆತ್ತಿದವಳು ಅಲ್ಲಿಗೇ ನಿಂತುಬಿಡುತ್ತಿದ್ದಳು. ಡಾಕ್ಟರು ಬಂದಾಗಲೆಲ್ಲ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಹೀಗೇ ಎಷ್ಟೋ ತಿಂಗಳು ಕಳೆದವು. ಒಂದು ಬೇಸಿಗೆಯ ಮಧ್ಯಾಹ್ನ ಅವರು ಮೆಲ್ಲಗೆ, "ಅವ್ವ ಏನಂದ್ಲು? ಆಕಿ ಮಾತು ನೀ ಆಡಿ ನೋಡವ್ವಾ," ಎಂದು ಹೇಳಿ, ಅವಳನ್ನು ಒಬ್ಬಳನ್ನೇ ಕೋಣೆಯಲ್ಲಿ ಬಿಟ್ಟು, ಪಡಸಾಲೆಯಲ್ಲಿ ನಮ್ಮ ಹತ್ತಿರ ಬಂದು ಕೂತರು.

ನಾನು, ಅಜ್ಜಿ ಬೇಳೆ ಆರಿಸುತ್ತಿದ್ದೆವು. ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು, ಅದೂ ನಮ್ಮೆದುರಿಗೇ. ಅಲ್ಲಿಂದ ಒಬ್ಬ ಹೆಂಗಸಿನ ದನಿ ಬಂತು. ತೀರ ದಣಿದ ದನಿ.

"ಹೋಗು ಸುಶೀ. ಹಿಂದ ನೋಡಬ್ಯಾಡ. ಅಜ್ಜಿ ಬಾಗ್ಲಾಗ ನಿಂತಿರ್ತಾಳ, ಹೋಗು."

ಅಜ್ಜಿಯ ಕೈಯಿಂದ ಮೊರ ಜಾರಿತು. ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು, "ಗೋದೂ!" ಎಂದರು, ಅಷ್ಟೇ. ಆ ಮಾತಿನ ಜೊತೆಜೊತೆಗೇ ಅಳುವೂ ಕೇಳುತ್ತಿತ್ತು. ಮಾತು ನಿಂತ ಮೇಲೆ ಶುರುವಾದ ಅಳುವಲ್ಲ. ಮಾತು ನಡೆದಿರುವಾಗಲೇ, ಅದರ ಮಗ್ಗುಲಲ್ಲೇ ಬಿಕ್ಕಿ ಬಿಕ್ಕಿ ಅಳು. ಆ ಉರಿಬಿಸಿಲಿನ ಹೊತ್ತಿನಲ್ಲಿ ನನ್ನ ಮೈಯೆಲ್ಲ ಜುಮ್ಮೆಂದಿತು. ಅದು ಭಯವಲ್ಲ. ದೇವರ ಮುಂದಿನ ತೆರೆ ಸರಿದಾಗ ಕೈ ತಾನಾಗಿ ಮುಗಿದುಕೊಳ್ಳುತ್ತದಲ್ಲ, ಅಂಥದ್ದು. ಡಾಕ್ಟರು ಎದ್ದು ನಿಂತಿದ್ದರು, ಆದರೆ ಹೆಜ್ಜೆ ಮುಂದಿಡಲಿಲ್ಲ.

ಸುಶೀಲೆ ತಾನಾಗಿಯೇ ಹೊರಬಂದು ಅಜ್ಜಿಯ ಮುಂದೆ ನಿಂತಳು. "ಅಜ್ಜಿ, ನೀರು," ಎಂದಳು. ಎಳೆಗೂಸಿನ ದನಿ. ಅಜ್ಜಿ ನೀರು ತರಲು ಹೋಗಲಿಲ್ಲ. ಅವಳನ್ನು ತಬ್ಬಿಕೊಂಡು ಕೂತುಬಿಟ್ಟರು. ನಾನೇ ತಂಬಿಗೆ ತಂದು ಕೊಟ್ಟೆ. ಕೋಣೆಯಲ್ಲಿ ಇಣುಕಿದೆ. ಯಾರೂ ಇರಲಿಲ್ಲ. ಸಣ್ಣ ಗೊಂಬೆ ಗುಡ್ಡದ ಆಚೆಗಿತ್ತು.

"ತಾಯಿ ದನಿ ಇಷ್ಟು ವರ್ಷ ಒಳಗ ಇಟ್ಕೊಂಡಿದ್ಲು, ಇವತ್ತ ಹೊರಗ ಬಂತು," ಎಂದರು ಡಾಕ್ಟರು.

"ಖರೆರೀ. ಆದ್ರ ಮಾತು, ಅಳು ಎರಡೂ ಕೂಡೇ ಒಂದು ಗಂಟಲದಾಗಿಂದ ಹ್ಯಾಂಗ ಬಂದುವು?" ಎಂದು ನಾನು ಕೇಳಿದೆ.

"ನನ್ನ ಕಿವಿಗೂ ಎರಡು ಬಿದ್ದುವು, ಅಕ್ಕಾರ," ಎಂದಷ್ಟೇ ಹೇಳಿ ಡಾಕ್ಟರು ಚಪ್ಪಲಿ ಮೆಟ್ಟಿ ನಡೆದರು.

ಅಂದಿನಿಂದ ಸುಶೀಲೆಗೆ ಮಾತು ಬಂತು. ನನ್ನ ಶಾಲೆಯಲ್ಲೇ ಕಲಿತಳು, ಲಗ್ನವಾಗಿ ಮುಧೋಳಕ್ಕೆ ಹೋದಳು. ಅಜ್ಜಿ ತೀರಿಕೊಂಡ ಎಷ್ಟೋ ದಿನಗಳ ಮೇಲೆ ಅವಳ ಮನೆಗೆ ಹೋದಾಗ, ಧೈರ್ಯ ಮಾಡಿ ಆ ಮಧ್ಯಾಹ್ನದ ಮಾತು ತೆಗೆದೆ.

"ಅವ್ವನ ಮಾತು ಆಡಿದಾಕಿ ನಾನಽರೀ ಅಕ್ಕಾರ," ಎಂದಳು ಸುಶೀಲೆ. "ಆದ್ರ ನಾ ಅತ್ತಿಲ್ಲ. ನನ್ನ ಬಾಜೂಕ ಯಾರೋ ಅಳಾಕತ್ತಿದ್ರು. ಅಜ್ಜಿ ಬಂದು ಅಳಾಕತ್ತಾಳ ಅಂತ ತಿಳದು ಮಾತು ನಿಲ್ಲಿಸಿ ತಿರುಗಿ ನೋಡಿದೆ. ಅಷ್ಟ್ರಾಗ ಆಕಿ ಹೊರಗ ಹೋಗಿದ್ಲು."

ಅಜ್ಜಿ ಆ ಕೋಣೆಯೊಳಗೆ ಹೋಗಿರಲೇ ಇಲ್ಲ. ನನ್ನ ಮಣಿಕಟ್ಟು ಹಿಡಿದು ಪಡಸಾಲೆಯಲ್ಲೇ ಕೂತಿದ್ದರು. ಅವರ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಇದನ್ನು ಸುಶೀಲೆಗೆ ಹೇಳಲು ಬಾಯಿ ತೆರೆದೆ. ಅವಳ ಮುಖದ ಸಮಾಧಾನ ನೋಡಿ ಸುಮ್ಮನಾದೆ. ಅಂದು ಅವಳ ಪಕ್ಕದಲ್ಲಿ ಕೂತು ಅತ್ತವರು ಯಾರು? ನನಗೆ ಇಂದಿಗೂ ಗೊತ್ತಿಲ್ಲ.