ಮೊದಲ ಎಣ್ಣೆಯ ನೆವ್ರಿ

ಮೊನ್ನೆ ಮೂಡುಬಿದಿರೆಯ ಬೇಕರಿಯೊಂದರಲ್ಲಿ ಮಗಳಿಗೆಂದು ಮೊಟ್ಟೆಯಿಲ್ಲದ ಕೇಕ್ ಕಟ್ಟಿಸುತ್ತಿದ್ದೆ. ಮಿಜಾರಿನ ಅವಳ ಕಾಲೇಜಿನಲ್ಲಿ ಕ್ರಿಸ್ಮಸ್ ಅಂತೆ, ಎಲ್ಲರಿಗೂ ಕೆಂಪು ಟೊಪ್ಪಿ ಅಂತೆ. ಅದಕ್ಕೆ ನಮ್ಮ ಮನೆಯಲ್ಲಿ ಯಾರ ತಕರಾರೂ ಇಲ್ಲ. ಒಳಗೆ ಯಾರೋ ಎಳ್ಳು, ತೆಂಗಿನತುರಿ ತುಂಬಿದ ನೆವ್ರಿ ಕರಿಯುತ್ತಿದ್ದರು. ಏಲಕ್ಕಿಯ ಆ ಘಮ ಮೂಗಿಗೆ ಬಡಿಯಿತು ನೋಡಿ... ಬಾಯಮ್ಮ ಬಂದು ಪಕ್ಕದಲ್ಲೇ ನಿಂತ ಹಾಗಾಯಿತು.

ಬಾಯಮ್ಮ ಎಂಬುದು ಹೆಸರಲ್ಲ. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುವುದು. ವೇಣೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ ಮಾತ್ರ. ನಾವು ಜೈನರು, ಮೊಟ್ಟೆ ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಕ್ರಿಸ್ಮಸ್ ತಿಂಡಿ ಮಾಡುವಾಗ ಬಾಯಮ್ಮ ಹೊಸ ಎಣ್ಣೆಯಲ್ಲಿ ಮೊದಲು ನಮ್ಮ ಪಾಲಿನ ನೆವ್ರಿ ಕರಿದು ತೆಗೆದಿಡುತ್ತಿದ್ದರು. ಮೊಟ್ಟೆ ಹಾಕಿದ ತಿಂಡಿಗಳ ಸರದಿ ಆಮೇಲೆ. ಹಬ್ಬದ ದಿನ ಸಂಜೆ ಐದಕ್ಕೆಲ್ಲ ಕಸೂತಿ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬರುತ್ತಿದ್ದರು. "ಬೇಗ ತಿನ್ನಿ ಮಾರಾಯ್ರೇ! ನನಗೆ ಪಾದ್ರಿಗಿಂತ ನಿಮ್ಮ ಸೂರ್ಯನದ್ದೇ ಹೆದರಿಕೆ." ತಟ್ಟೆ ಖಾಲಿ ಕಳಿಸಬಾರದೆಂದು ನಾನು ಸಕ್ಕರೆ ತುಂಬಿ ಕೊಡುತ್ತಿದ್ದೆ.

ಮೂರು ವರ್ಷಗಳ ಹಿಂದಿನ ಕ್ರಿಸ್ಮಸ್ ಹೊತ್ತಿಗೆ, ಕ್ರೈಸ್ತರ ತಿಂಡಿ ಮುಟ್ಟಬೇಡಿ ಎಂಬ ಸಂದೇಶವೊಂದು ಊರವರ ಫೋನುಗಳಲ್ಲಿ ಸುತ್ತಿತು. ನನ್ನ ಗಂಡನಿಗೆ ನಮ್ಮ ಅಂಗಡಿಯ ವ್ಯಾಪಾರದ ಚಿಂತೆ. "ಈ ಸಲ ಬೇಡ ಹೇಳು. ನಾಲ್ಕು ಜನ ನೋಡ್ತಾರೆ" ಎಂದರು. ನಾನಾದರೂ ಜಗಳ ಮಾಡಬೇಕಿತ್ತು. ಮಾಡಲಿಲ್ಲ. ಬಾಯಮ್ಮ ಮೆಟ್ಟಿಲು ಹತ್ತುವ ಮೊದಲೇ, "ನಮಗೆ ಇವತ್ತು ಉಪವಾಸ ಉಂಟು ಬಾಯಮ್ಮ" ಎಂದುಬಿಟ್ಟೆ.

ಎಂಥ ಪೆದ್ದು ಸುಳ್ಳು! ನಮ್ಮ ಅಷ್ಟಮಿ, ಚತುರ್ದಶಿಗಳೆಲ್ಲ ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿದ್ದವು. ಅವರ ಮುಖ ಸಣ್ಣದಾಯಿತು. "ಹೌದಾ... ನನಗೆ ಮರೆತೇ ಹೋಯ್ತು ನೋಡಿ" ಎಂದು ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡು, ತಟ್ಟೆಯೊಂದಿಗೆ ತಿರುಗಿ ನಡೆದರು.

ಆಮೇಲೆ ಅವರು ತಟ್ಟೆ ತರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬ ಹಾಗೆ, ಬೇಲಿಯ ಹತ್ತಿರ ಅವರು ಕಂಡರೆ ನಾನೇ ಒಳಗೆ ಸರಿಯುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಬಾಯಮ್ಮ ತೀರಿಕೊಂಡರು. ಸಾವಿನ ಮನೆಯಲ್ಲಿ ಅವರ ಸೊಸೆ ನನ್ನ ಕೈ ಹಿಡಿದು ಹೇಳಿದಳು: "ಆಮೇಲಿನ ಎರಡು ಕ್ರಿಸ್ಮಸ್‌ಗೂ ಅತ್ತೆ ನಿಮ್ಮ ಪಾಲು ಮೊದಲೇ ಕರಿದಿಟ್ಟಿದ್ರು ಅಕ್ಕ. ನೀವು ಕೇಳಿದ್ರೆ ಕೊಡುವ ಅಂತ. ಹೊತ್ತು ಮುಳುಗುವವರೆಗೆ ಮಕ್ಕಳಿಗೂ ಮುಟ್ಟಲಿಕ್ಕೆ ಬಿಡ್ತಿರಲಿಲ್ಲ." ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮೊನ್ನೆ ಕೇಕಿನ ಜೊತೆಗೆ ನೆವ್ರಿಯನ್ನೂ ಕೇಳಿದೆ. ಬೇಕರಿಯವ ಪೊಟ್ಟಣ ಕೊಡುತ್ತ, "ಮೊಟ್ಟೆ ಇಲ್ಲ ಅಕ್ಕ, ಧೈರ್ಯದಲ್ಲಿ ತಿನ್ನಿ" ಎಂದ. ಬಸ್ಸು ವೇಣೂರು ಮುಟ್ಟುವಾಗ ಹೊತ್ತು ಮುಳುಗಿತ್ತು. ಬೇಲಿಯಾಚೆಯ ಮನೆಯಲ್ಲಿ ಈ ವರ್ಷ ಕ್ರಿಸ್ಮಸ್ ನಕ್ಷತ್ರ ತೂಗಿರಲಿಲ್ಲ. ಪೊಟ್ಟಣ ಬಿಚ್ಚದೆ ಹಾಗೇ ಇಟ್ಟೆ.

ನಾನು ಕೇಳಬೇಕಿತ್ತು. ಬೇಲಿಯ ಹತ್ತಿರ ನಿಂತು, "ಬಾಯಮ್ಮ, ನನ್ನ ನೆವ್ರಿ ಎಲ್ಲಿ?" ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು...