ಕಿವಿ ಮೇಸ್ತ್ರಿಯೂ ಚಳಿಗೆ ಮುನಿದ ಕಾರೂ

ಊರಿಗೆಲ್ಲ ಅವನು ಕಿವಿ ಮೇಸ್ತ್ರಿ. ಹೆತ್ತವರಿಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ಆ ಅಡ್ಡಹೆಸರು ಅಂಟಿಕೊಂಡಿತ್ತು. ಬೇರೆ ಮೆಕ್ಯಾನಿಕ್‌ಗಳು ಅದು ಬಿಚ್ಚಿ ಇದು ಬಿಚ್ಚಿ ತಲೆ ಕೆರೆದುಕೊಳ್ಳುವಾಗ ಇವನು ಕಾರಿನ ಮುಂದೆ ಕಣ್ಣು ಮುಚ್ಚಿ ನಿಂತು, "ಹ್ಞೂ, ಸೆಲ್ಫ್ ಹೊಡಿ" ಎನ್ನುತ್ತಿದ್ದ. ಒಂದು ಸಲ ಕೇಳಿದರೆ ಮುಗಿಯಿತು, ರೋಗ ಇಂಥದ್ದೇ ಎಂದು ಹೇಳಿಬಿಡುತ್ತಿದ್ದ. ಅದೇನು ಸಣ್ಣ ವಿದ್ಯೆಯೇ? ಗ್ಯಾರೇಜು ನಿಂತಿದ್ದೇ ಆ ಕಿವಿಯ ಮೇಲೆ.

ಈಗ ಆ ಕಿವಿಯೇ ಕೈಕೊಟ್ಟಿತ್ತು. ಮೊದಲು ಗಡಿಯಾರದ ಸದ್ದು ಹೋಯಿತು, ಆಮೇಲೆ ಕುಕ್ಕರಿನ ಸೀಟಿ. ಮೇಸ್ತ್ರಿ ಯಾರ ಹತ್ತಿರವೂ ತುಟಿ ಪಿಟಕ್ಕೆನ್ನಲಿಲ್ಲ, ಹೆಂಡತಿಯ ಹತ್ತಿರ ಕೂಡ. ಅವಳಿಗಂತೂ ಇತ್ತೀಚೆಗೆ ಬಾಯಿ ಜೋರಾಗಿತ್ತು. ಊಟಕ್ಕೆ ಕರೆದರೂ ಜಗಳಕ್ಕೆ ಕರೆದಂತೆ. ವಯಸ್ಸಾಯಿತಲ್ಲ, ಸಿಟ್ಟು ಹೆಚ್ಚಾಗಿದೆ ಎಂದುಕೊಂಡು ಅವನು ಸುಮ್ಮನಿದ್ದ.

ಅಂಥ ಹೊತ್ತಿನಲ್ಲಿ ಅವಳ ತಮ್ಮ ತನ್ನ ಹಳೇ ಕಾರು ತಂದು ನಿಲ್ಲಿಸಿದ. ಅವನು ಮನೆಗಳಿಗೆ ಬಣ್ಣ ಬಳಿಯುವವನು. ಬೆಳಿಗ್ಗೆ ತನ್ನ ಮುಖ ತೊಳೆಯುವ ಮೊದಲು ಕಾರಿನ ಮುಖ ತೊಳೆಯುತ್ತಿದ್ದ ಆಸಾಮಿ.

"ಭಾವ, ಚಳಿ ಶುರುವಾದಾಗಿಂದ ಇದು ಬೆಳಿಗ್ಗೆ ಏಳಲ್ಲ ಅಂತ ಹಠ ಹಿಡಿದಿದೆ. ತಳ್ಳಿ ತಳ್ಳಿ ನನ್ನ ಸೊಂಟ ಬಿದ್ದುಹೋಯ್ತು."

"ನೀನೇ ಹೊತ್ತು ನೆತ್ತಿಗೇರಿದ್ರೂ ಏಳಲ್ಲ. ಅದು ನಿನ್ನ ನೋಡಿ ಕಲ್ತಿದೆ, ಬಿಡು" ಎಂದ ಮೇಸ್ತ್ರಿ.

ಆದರೆ ಗ್ಯಾರೇಜಿಗೆ ಬರುವಷ್ಟರಲ್ಲಿ ಇಂಜಿನ್ ಬಿಸಿಯಾಗಿರುತ್ತಿತ್ತು. ಸೆಲ್ಫ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್! ಮೇಸ್ತ್ರಿ ಪ್ಲಗ್ಗು ಬದಲಿಸಿದ, ತನ್ನದೇ ಗಟ್ಟಿ ಬ್ಯಾಟರಿ ಕೂರಿಸಿದ. ಮರುದಿನ ಬೆಳಿಗ್ಗೆ ಮತ್ತೆ ಅದೇ ಗೋಳು.

"ಬಿಸಿ ಇಂಜಿನ್ ಸುಳ್ಳು ಹೇಳುತ್ತೆ ಕಣೋ. ಇವತ್ತು ಇಲ್ಲೇ ಬಿಟ್ಟು ಹೋಗು. ರಾತ್ರಿಯೆಲ್ಲ ಚಳಿ ತಿನ್ಲಿ, ಬೆಳಿಗ್ಗೆ ನಿಜ ಬಾಯಿಬಿಡುತ್ತೆ" ಎಂದ.

ಹೇಳುವುದೇನೋ ಹೇಳಿದ, ಒಳಗೆ ಅಳುಕಿತ್ತು. ಇದರ ರೋಗ ಸಿಗದಿದ್ದರೆ ಗ್ಯಾರೇಜಿನ ಬಾಗಿಲು ಹಾಕಿಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ. ನಾಳೆ ಯಾರದೋ ಕಾರಿನ ಬ್ರೇಕಿನ ಸದ್ದು ತನ್ನ ಕಿವಿಗೆ ಬೀಳದೆ ಹೋದರೆ?

ಬೆಳಿಗ್ಗೆ ಕಾರಿನ ಗಾಜಿನ ತುಂಬ ಮಂಜಿನ ಹನಿ. ಮೈದುನ ಒಳಗೆ ಕೂತ. ಹೆಂಡತಿ ಚಹಾದ ಲೋಟ ಹಿಡಿದು ಗ್ಯಾರೇಜಿಗೆ ಅಂಟಿಕೊಂಡ ಮನೆಯ ಬಾಗಿಲಲ್ಲಿ ನಿಂತಿದ್ದಳು. ಮೇಸ್ತ್ರಿ ಬಾನೆಟ್ ಎತ್ತಿ ಕಣ್ಣು ಮುಚ್ಚಿದ.

"ಹ್ಞೂ, ಸೆಲ್ಫ್ ಹೊಡಿ."

ಇಂಜಿನ್ ಒಲ್ಲದ ಮನಸ್ಸಿನಿಂದ ಅರ್ಧ ಸುತ್ತು ಸುತ್ತಿ ನಿಂತುಬಿಟ್ಟಿತು. ಅದನ್ನು ಅವನು ಕೇಳಿದ್ದಕ್ಕಿಂತ ಬಾನೆಟ್ಟಿನ ಅಂಚು ಹಿಡಿದ ಕೈಗೆ ತಾಗಿ ತಿಳಿದದ್ದೇ ಹೆಚ್ಚು. ಮತ್ತೆ ಹೊಡೆಸಿದ. ಅಷ್ಟೇ.

"ಆ ಚುರ್ ಅನ್ನೋದು ಏನ್ರೀ ಅದು?" ಎಂದಳು ಹೆಂಡತಿ.

"ಯಾವ ಚುರ್?"

"ಕಾದ ಬಾಣಲೆಗೆ ನೀರು ಹನಿಸಿದ ಹಾಗೆ. ಬ್ಯಾಟರಿ ಪಕ್ಕದಲ್ಲಿ. ಕೇಳಿಸ್ಲಿಲ್ವಾ?"

ಹ್ಞೂ ಎಂದು ತಲೆಯಾಡಿಸಿಬಿಡಬಹುದಿತ್ತು. ಇಷ್ಟು ದಿನ ಮಾಡಿದ್ದೂ ಅದನ್ನೇ. ಆದರೆ ಮೈದುನ ಅಂಗೈ ಉಜ್ಜಿಕೊಳ್ಳುತ್ತ ಅವನನ್ನೇ ನಂಬಿ ನೋಡುತ್ತಿದ್ದ.

"ಇಲ್ಲ, ಕೇಳಿಸ್ಲಿಲ್ಲ. ಈಚೆಗೆ ನನಗೆ ಸಣ್ಣ ಸದ್ದು ಯಾವುದೂ ಕೇಳಿಸಲ್ಲ" ಎಂದ ಮೇಸ್ತ್ರಿ. "ನೀನು ಇನ್ನೊಂದ್ಸಲ ಕೇಳು. ಎಲ್ಲಿ ಅಂತ ಬೆರಳಿಟ್ಟು ತೋರಿಸು."

ಅವಳು ಲೋಟ ಕೆಳಗಿಟ್ಟು ಬಗ್ಗಿದಳು. ಸೆಲ್ಫ್ ಹೊಡೆಯುತ್ತಲೇ ಅವಳ ಬೆರಳು ಬ್ಯಾಟರಿಯಿಂದ ಕಾರಿನ ಮೈಗೆ ಹೋಗುವ ಅರ್ಥ್ ವೈರಿನ ಬೋಲ್ಟಿನ ಕಡೆ ಹೋಯಿತು. ಮೇಸ್ತ್ರಿಯ ಮುಖ ಅರಳಿತು. ಕರೆಂಟು ದಾರಿ ಸಿಗದೆ ಅಲ್ಲಿ ಕಿಡಿ ಹಾರುತ್ತಿದೆ! ಬ್ಯಾಟರಿಯ ಮೈನಸ್‌ನಿಂದ ನೇರ ಇಂಜಿನ್ನಿನ ಮೈಗೆ ದಪ್ಪ ಕೇಬಲ್ ಕಚ್ಚಿಸಿ, ಹೊಡಿ ಎಂದ. ಅಷ್ಟು ಚಳಿಯಲ್ಲೂ ಕಾರು ಒಂದೇ ಏಟಿಗೆ ಎದ್ದಿತು.

ಬೋಲ್ಟು ಬಿಚ್ಚಿ ನೋಡಿದರೆ ಕೆಳಗೆ ಕನ್ನಡಿಯಂತೆ ಹೊಳೆಯುವ ನೀಲಿ ಬಣ್ಣ.

"ಇಲ್ಲೂ ಬಳಿದಿದ್ದೀಯೇನೋ?"

"ತುಕ್ಕು ಹಿಡಿದಿತ್ತು ಭಾವ" ಎಂದ ಮೈದುನ ಹೆಮ್ಮೆಯಿಂದಲೇ. "ಚಳಿಗೆ ಮುಂಚೆ ವೈರು ಬಿಚ್ಚಿ, ಎರಡು ಕೋಟ್ ಹೊಡೆದು, ಒಣಗಿಸಿ ಮತ್ತೆ ಕೂರಿಸಿದೆ. ಬ್ರಷ್ಷಿನ ಗುರುತು ಒಂದಾದ್ರೂ ಇದೆಯಾ ನೋಡು!"

"ಅಯ್ಯೋ ನಿನ್ನ ಅಂದಚೆಂದಕ್ಕಿಷ್ಟು! ಕಬ್ಬಿಣಕ್ಕೆ ಕಬ್ಬಿಣ ತಾಗ್ಬೇಕು ಕಣೋ. ಚಳಿ ಬರೋ ತನಕ ಹೇಗೋ ನಡೀತು. ಚಳೀಲಿ ಆಯಿಲ್ ಗಟ್ಟಿಯಾಗುತ್ತೆ, ಕರೆಂಟು ಜಾಸ್ತಿ ಬೇಕು. ಆ ಕರೆಂಟಿಗೆ ನೀನು ಗೋಡೆ ಕಟ್ಟಿದ್ದೀಯ."

ಅಕ್ಕ ಬಿದ್ದೂ ಬಿದ್ದೂ ನಕ್ಕಳು. ಮೈದುನ ಮುಖ ಸಣ್ಣದು ಮಾಡಿಕೊಂಡು, ತಾನು ಬಳಿದದ್ದನ್ನು ತಾನೇ ಉಜ್ಜಿ ತೆಗೆದು, ಬೋಲ್ಟು ಬಿಗಿದು ಹೊರಟ.

"ಕೇಳಿಸಲ್ಲ ಅಂದ್ನಲ್ಲ, ನಿನಗೆ ಆಶ್ಚರ್ಯವೇ ಆಗ್ಲಿಲ್ವಲ್ಲೇ?" ಎಂದ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ.

"ಹೋದ ಚಳಿಗಾಲದಿಂದ ಗೊತ್ತು. ಇಲ್ದಿದ್ರೆ ಹೀಗೆ ಗಂಟಲು ಹರ್ಕೊಳ್ಳೋಕೆ ನನಗೇನು ಹುಚ್ಚಾ? ನೀವು ಜನರ ಮುಂದೆ ಏನು ಏನು ಅಂತ ಕೇಳೋ ಹಾಗಾಗ್ಬಾರ್ದು ಅಂತ ಕೂಗ್ತಿದ್ದೆ."

"ನಾನು... ನಿನಗೆ ಸಿಟ್ಟು ಜಾಸ್ತಿಯಾಗಿದೆ ಅಂದ್ಕೊಂಡಿದ್ದೆ."

"ಅದೂ ಇದೆ, ಬಿಡಿ."

ಇಬ್ಬರೂ ನಕ್ಕರು. ಗ್ಯಾರೇಜಿನ ಬಾಗಿಲು ಹಾಕುವ ಮಾತು ಅವನು ಎತ್ತಲೇ ಇಲ್ಲ. ಮಧ್ಯಾಹ್ನ ಇನ್ನೊಂದು ಕಾರು ಬರುವಷ್ಟರಲ್ಲಿ ಅಡುಗೆಮನೆಯ ಸ್ಟೂಲು ಗ್ಯಾರೇಜಿನಲ್ಲಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೂತು, ಕಣ್ಣು ಮುಚ್ಚಿ, ಮೇಸ್ತ್ರಿಗೂ ಕೇಳಿಸುವಂತೆ ಹೇಳಿದಳು:

"ಹ್ಞೂ, ಸೆಲ್ಫ್ ಹೊಡೀರಿ."