ಮೂಸಕುಂಞಿಯ ಸ್ಟೇಟಸ್

ಮಂಡೆಕೋಲಿನ ತ್ಯಾಂಪಣ್ಣ ಸುಳ್ಯಕ್ಕೆ ಜೀಪು ಓಡಿಸುತ್ತಿದ್ದ ಕಾಲದಲ್ಲಿ ಕೂತಲ್ಲಿ ಕೂರುವ ಮನುಷ್ಯನಲ್ಲ. ಮಂಗಳೂರಿಗೆ ಹೊರಟ ಬಸುರಿಯರು, ಮದುವೆಯ ದಿಬ್ಬಣ, ಹಾಲಿನ ಕ್ಯಾನು ಎಲ್ಲವೂ ಅವನ ಜೀಪಿನಲ್ಲಿಯೇ ಹೋದದ್ದು. ಮೊಣಕಾಲು ಕೈಕೊಟ್ಟ ಮೇಲೆ ಜೀಪು ಮಾರಿದ. ಮಗಳು ಅಕ್ಷಿತಾ ತನ್ನ ಹಳೆಯ ಫೋನು ಕೊಟ್ಟು ಎಲ್ಲ ಕಲಿಸಿಕೊಟ್ಟಳು. ಅಂದಿನಿಂದ ಅವನ ಓಡಾಟವೆಲ್ಲ ಹೆಬ್ಬೆರಳಿನಲ್ಲಿ.

ಒಂದು ಬೆಳಿಗ್ಗೆ ವಾಟ್ಸಾಪಿನಲ್ಲಿ ಮೂಸಕುಂಞಿಯ ಸ್ಟೇಟಸ್ ಕಂಡಿತು. ಗುಲಾಬಿ ಹೂವಿನ ಮೇಲೆ ದಪ್ಪ ಅಕ್ಷರ: 'ಕಷ್ಟದಲ್ಲಿ ಹಿಡಿದ ಕೈಯನ್ನು ಮರೆತವರಿಗೆ ದೇವರೇ ಬುದ್ಧಿ ಕೊಡಲಿ.'

ತ್ಯಾಂಪಣ್ಣನ ಚಾ ತಣ್ಣಗಾಯಿತು. ಮೂಸಕುಂಞಿಯದ್ದು ಜಂಕ್ಷನ್ನಿನ ಜಿನಸಿನ ಅಂಗಡಿ. ಜೀಪು ನಿಲ್ಲುತ್ತಿದ್ದದ್ದು ಅದರ ಎದುರೇ. ಇಬ್ಬರದ್ದೂ ಹುಡುಗಾಟದ ವಯಸ್ಸಿನ ಸ್ನೇಹ. ಆದರೆ ಕಳೆದ ವಾರ ತ್ಯಾಂಪಣ್ಣ ಅವನ ಅಂಗಡಿ ಬಿಟ್ಟು ಸುಳ್ಯದಿಂದ ಅಕ್ಕಿ ತಂದಿದ್ದ. ಅದನ್ನು ಕುಂಞಿ ಕಂಡಿರಬೇಕು. ಅದಕ್ಕೇ ಈ ಚುಚ್ಚುಮಾತು.

"ನನಗೇ ಹಾಕಿದ್ದು ಇದು," ಎಂದು ಹೆಂಡತಿ ಚೆನ್ನುವಿಗೆ ತೋರಿಸಿದ.

"ನಿಮ್ಮ ಹೆಸರು ಎಲ್ಲಿ ಉಂಟು?"

"ಹೆಸರು ಹಾಕಿ ಯಾರು ಬೈತಾರೆ?"

ಮಧ್ಯಾಹ್ನದೊಳಗೆ ಅವನೂ ಒಂದು ಹಾಕಿದ: 'ಎದುರು ನಿಂತು ಮಾತಾಡಲು ಆಗದವರು ಮರೆಯಲ್ಲಿ ನಿಂತು ಚುಚ್ಚುತ್ತಾರೆ.' ಮತ್ತೆ ಊಟ ಸೇರಲಿಲ್ಲ. ಯಾರ್ಯಾರು ನೋಡಿದರು ಎಂದು ಗಳಿಗೆಗೊಮ್ಮೆ ತೆಗೆದು ನೋಡುವುದು, ಇಡುವುದು, ಪುನಃ ತೆಗೆಯುವುದು. ಸಂಜೆ ಮೂಸಕುಂಞಿಯ ಹೆಸರು ಬಂತು. ನೋಡಿದ್ದಾನೆ. ಒಂದು ಮಾತಿಲ್ಲ. ಮರುದಿನ ತ್ಯಾಂಪಣ್ಣ ಇನ್ನೊಂದು ಹಾಕಿದ, ಸ್ವಲ್ಪ ಖಾರದ್ದು. ಕುಂಞಿ ಅದನ್ನೂ ನೋಡಿದ, ಸುಮ್ಮನಿದ್ದ. ಆ ಸುಮ್ಮನಿರುವಿಕೆಯೇ ತ್ಯಾಂಪಣ್ಣನನ್ನು ಒಳಗೆ ಹೊರಗೆ ಅಲೆಸಿತು. ದನಕ್ಕೆ ನೀರಿಡಲು ಹೋದವನು ಬಕೆಟ್ಟು ಅಲ್ಲೇ ಬಿಟ್ಟು ಬಂದ. ಜಂಕ್ಷನ್ನಿನ ಕಡೆ ಮಾತ್ರ ಕಾಲು ಹಾಕಲಿಲ್ಲ.

ಹಾಲಿನ ಸೊಸೈಟಿಗೆ ಹೋದ ಚೆನ್ನು ಬಂದವಳೇ ಹೇಳಿದಳು: "ಕುಂಞಿಯವರ ಅಂಗಡಿ ಬಾಗಿಲು ಹಾಕಿ ದಿನ ಆಯ್ತಂತೆ. ಬೀಪಾತುಮ್ಮನಿಗೆ ಪುತ್ತೂರಿನಲ್ಲಿ ಹೊಟ್ಟೆಯ ಆಪರೇಷನ್. ನಿಮಗೆ ಗೊತ್ತಿಲ್ವಾ?"

ತ್ಯಾಂಪಣ್ಣನಿಗೆ ಗೊತ್ತಿರಲಿಲ್ಲ. ಮೂಸಕುಂಞಿ ತನ್ನ ಸ್ಟೇಟಸನ್ನು ಎಷ್ಟು ಹೊತ್ತಿಗೆ ನೋಡಿದ ಎಂಬುದು ನಿಮಿಷ ಸಮೇತ ಗೊತ್ತಿತ್ತು. ಅವನ ಹೆಂಡತಿ ಆಸ್ಪತ್ರೆಯಲ್ಲಿರುವುದು ಗೊತ್ತಿರಲಿಲ್ಲ.

ಸಿಕ್ಕಿದ ಬಸ್ಸು ಹತ್ತಿದ. ಸುಳ್ಯದಲ್ಲಿ ಬಸ್ಸು ಬದಲಾಯಿಸುವಾಗ ಸ್ಟೇಟಸ್ಸುಗಳನ್ನು ಅಳಿಸಿಹಾಕಿದ. ಮೊಣಕಾಲು ನೋಯುತ್ತಿತ್ತು, ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಮೂಸಕುಂಞಿ ಆಸ್ಪತ್ರೆಯ ಜಗಲಿಯಲ್ಲಿ, ಗಡ್ಡ ಬೆಳೆದು, ಫ್ಲಾಸ್ಕು ಹಿಡಿದು ಕೂತಿದ್ದ.

"ಬಂದೆಯಾ ತ್ಯಾಂಪಣ್ಣ. ಈಗ ಪರವಾಗಿಲ್ಲ ಅವಳಿಗೆ. ಗಂಜಿ ಕುಡಿದ್ಲು." ಹತ್ತಿರ ಜಾಗ ಮಾಡಿ ಕೊಟ್ಟ. "ನಿನಗೆ ಯಾರ ಮೇಲೆ ಅಷ್ಟು ಸಿಟ್ಟು ಮಾರಾಯ? ನೋಡಿದೆ. ಕೇಳುವಾ ಅಂತ ಇದ್ದೆ, ಇಲ್ಲಿ ಪುರುಸೊತ್ತು ಆಗ್ಲಿಲ್ಲ."

ತ್ಯಾಂಪಣ್ಣ ಪಕ್ಕದಲ್ಲಿ ಕೂತ. "ನಿನ್ನ ಮೇಲೆ," ಎಂದ. "ನಾನು ಸುಳ್ಯದಲ್ಲಿ ಅಕ್ಕಿ ತೆಗೊಂಡದ್ದಕ್ಕೆ ನೀನು ಹಾಕಿದ್ದು ಅಂತ."

"ಯಾವ ಅಕ್ಕಿ?" ಮೂಸಕುಂಞಿ ಅವನ ಮುಖವನ್ನೇ ನೋಡಿದ. "ಅದು ಮೈದುನನಿಗೆ ಹಾಕಿದ್ದು. ಅಕ್ಕನ ಆಪರೇಷನ್ ಅಂದ್ರೂ ಬರ್ಲಿಲ್ಲ ಅವ. ಬೇಸರದಲ್ಲಿ ಹಾಕಿದೆ."

"ಅವ ನೋಡಿದನಾ?"

"ಇಲ್ಲ. ಉಳಿದವರೆಲ್ಲ ನೋಡಿದ್ರು."

ತ್ಯಾಂಪಣ್ಣ ಮೊಣಕಾಲು ನೀವಿಕೊಂಡ. ಮತ್ತೆ ಮೂಸಕುಂಞಿ, "ನಿನಗೆ ಒಂದು ಫೋನು ಮಾಡ್ಬೇಕಿತ್ತು ನಾನು," ಎಂದ.

"ನಾನು ಅಂಗಡಿವರೆಗೆ ಬರ್ಬೇಕಿತ್ತು," ಎಂದ ತ್ಯಾಂಪಣ್ಣ. ಆ ದಿನ ಆಸ್ಪತ್ರೆಯಲ್ಲಿ ಅವನೇ ಉಳಿದು, ಸ್ನೇಹಿತನನ್ನು ಸ್ನಾನಕ್ಕೆ, ನಿದ್ದೆಗೆ ಊರಿಗೆ ಕಳುಹಿಸಿದ.

ಹಾಗಂತ ಚಡಪಡಿಕೆ ಬಿಟ್ಟುಹೋಗಲಿಲ್ಲ. ಅಕ್ಷಿತಾಳಿಗೆ ಹೇಳಿ ಸ್ಟೇಟಸ್ಸುಗಳು ಕಣ್ಣಿಗೆ ಬೀಳದ ಹಾಗೆ ಮಾಡಿಸಿದ. ಎರಡೇ ದಿನಕ್ಕೆ ತಾನೇ ಹುಡುಕಿ ಪುನಃ ಕಾಣುವ ಹಾಗೆ ಮಾಡಿದ. ಈಗ ಬೆಳಗಿನ ಚಾ ಆದ ಮೇಲೆ ಒಮ್ಮೆ ನೋಡುತ್ತಾನೆ. ಮತ್ತೆ ಫೋನನ್ನು ಚೆನ್ನುವಿನ ಕೈಗೆ ಕೊಟ್ಟು, ಕುಂಟುತ್ತಾ ಜಂಕ್ಷನ್ನಿಗೆ ಹೋಗುತ್ತಾನೆ. ಅರ್ಧ ದಾರಿಯಲ್ಲಿ ಕೈ ತಾನಾಗಿ ಕಿಸೆ ತಡವುತ್ತದೆ. ಯಾರದ್ದಾದರೂ ಬರಹ ಮನಸ್ಸು ಕಲಕಿದರೆ ಅವರ ಮನೆಗೇ ಹೋಗಿ, "ಇದು ನನಗಾ?" ಎಂದು ಕೇಳಿಬಿಡುತ್ತಾನೆ. ಹಾಗೆ ಕೇಳಿ ಒಂದೆರಡು ಕಡೆ ಬೈಸಿಕೊಂಡದ್ದೂ ಉಂಟು.